ಸುಣ್ಣದ ಗುಂಡಿಗೆ ಕೂಗಿದ ಹೆಸರು

ನನ್ನ ಹೆಸರು ಕೇಳಬೇಡಿ, ಹೇಳಲು ಬರುವುದಿಲ್ಲ. ಅಪ್ಪನದನ್ನೂ ಕೇಳಬೇಡಿ, ಅವ್ವನದನ್ನೂ ಕೇಳಬೇಡಿ. ಅವರಿಬ್ಬರ ಹೆಸರೂ ಹೋಗಬೇಕಾದ ದಿನ ಹೋಗಬೇಕಾದ ಕಡೆಗೇ ಹೋದವು, ಅದರಲ್ಲಿ ಯಾರ ತಪ್ಪೂ ಇಲ್ಲ. ನನ್ನದು ಮಾತ್ರ, ನಾನಿನ್ನೂ ಒಂಬತ್ತು ವರ್ಷದ ಹುಡುಗಿ, ಮೂಲೆಯಲ್ಲಿ ಕೂತು ಗಂಜಿ ಕುಡಿಯುತ್ತಿದ್ದಾಗಲೇ ಹೊರಟುಹೋಯಿತು. ನಾವಿದ್ದ ನಾಲ್ವರಲ್ಲಿ ಉಳಿದ ಹೆಸರು ಒಂದೇ, ದುಗ್ಗಿ. ಅದು ನನ್ನ ಅಕ್ಕನದು. ಅಕ್ಕ ತೀರಿಕೊಂಡು ನಲವತ್ತು ವರ್ಷದ ಮೇಲಾಯಿತು.

ನಮ್ಮದು ಸುಣ್ಣ ಸುಡುವ ಮನೆ. ಊರಿನ ಪಡುವಣ ಗುಡ್ಡದಿಂದ ಕಲ್ಲು ಒಡೆದು ತಂದು, ಗೂಡಿನೊಳಗೆ ಕಲ್ಲು ಒಂದು ಸಾಲು ಇದ್ದಿಲು ಒಂದು ಸಾಲು ಪೇರಿಸಿ, ಮೂರು ದಿನ ಸುಟ್ಟರೆ ಕಲ್ಲು ಬೆಳ್ಳಗೆ ಹಗುರಾಗುತ್ತದೆ. ಬೇರೆ ಊರುಗಳಲ್ಲಿ ಆ ಸುಟ್ಟ ಕಲ್ಲಿಗೆ ನೀರು ಹೊಯ್ದರೆ ಸಾಕಂತೆ, ಕೊತಕೊತ ಕುದಿದು ಅರಳಿ ಸುಣ್ಣವಾಗುತ್ತದಂತೆ. ನಮ್ಮೂರಿನ ಕಲ್ಲು ಅಷ್ಟಕ್ಕೆಲ್ಲ ಬಗ್ಗುವುದಲ್ಲ. ಗುಂಡಿಗೆ ಹಾಕಿ ಎಷ್ಟು ಕೊಡ ನೀರು ಹೊಯ್ದರೂ ಹೊಳೆಯ ಕಲ್ಲಿನ ಹಾಗೆ ಸುಮ್ಮನೆ ಬಿದ್ದಿರುತ್ತದೆ. ಗುಂಡಿಯ ಅಂಚಿನಲ್ಲಿ ನಿಂತು ಯಾರಾದರೂ ಒಂದು ಹೆಸರನ್ನು ಬಾಯಿತುಂಬ ಕೂಗಬೇಕು, ಆಗ ಅರಳುತ್ತದೆ. ಹಾಗೆ ಕೂಗಿದ ಹೆಸರು ಮತ್ತೆ ಯಾರ ನಾಲಿಗೆಗೂ ಬರುವುದಿಲ್ಲ, ಯಾರ ನೆನಪಿಗೂ ಬರುವುದಿಲ್ಲ. ಬರೆದಿಟ್ಟಿದ್ದರೂ ಓದಲು ಬರುವುದಿಲ್ಲ. ಮನುಷ್ಯ ನೆನಪಿರುತ್ತಾನೆ, ಅವನ ನಡಿಗೆ, ಕೆಮ್ಮು, ಸಿಟ್ಟು ಎಲ್ಲ ನೆನಪಿರುತ್ತದೆ. ಹೆಸರಿದ್ದ ಜಾಗ ಮಾತ್ರ ಖಾಲಿ. ಅದಕ್ಕೇ ಸತ್ತವರ ಹೆಸರು ಕೂಗುವುದು. ಸತ್ತ ಹನ್ನೊಂದನೆಯ ದಿನ ಹತ್ತಿರದವರು ಒಬ್ಬರು ಬಂದು ಕೂಗುತ್ತಿದ್ದರು, ಅಪ್ಪ ನೀರು ಹೊಯ್ಯುತ್ತಿದ್ದ.

ಸುಣ್ಣವಿಲ್ಲದೆ ಯಾವ ಊರು ನಡೆದೀತು ಹೇಳಿ. ಗೋಡೆಗೆ ಬೇಕು, ಗಾರೆಗೆ ಬೇಕು, ಎಲೆ ಅಡಿಕೆಗೆ ಬೇಕು, ಬಾವಿ ಕೆಟ್ಟರೆ ಬೇಕು, ಚೇಳು ಕುಟುಕಿದರೆ ಬೇಕು. ಬಾಣಂತಿಗೆ ಆರತಿ ಎತ್ತುವಾಗ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದರೆ ತಾನೇ ಅದು ಕೆಂಪಾಗುವುದು. ಹೀಗಾಗಿ ನಮ್ಮಲ್ಲಿ ಹುಟ್ಟಿದ ಕೂಸಿಗೆ ಮೊದಲು ದೃಷ್ಟಿ ತೆಗೆಯುವವರೂ ಸತ್ತವರೇ. "ಈ ಸಲದ ಸುಣ್ಣ ಯಾರದು?" ಎಂದು ಕಟ್ಟೆಯ ಮೇಲೆ ಕೂತ ಮುದುಕರು ಎಲೆಗೆ ಹಚ್ಚಿಕೊಳ್ಳುತ್ತ ಕೇಳುತ್ತಿದ್ದರು. "ಅದೇ, ಎಡಗೈಲಿ ಉಣ್ತಿದ್ನಲ್ಲ, ಅವಂದು" ಎಂದರೆ, "ಅದಕ್ಕೇ ಮತ್ತೆ ಬಾಯಿ ಸುಡ್ತೈತೆ, ಅವನ ಮಾತೂ ಹಂಗೇ ಇತ್ತು" ಎಂದು ನಗುತ್ತಿದ್ದರು. ಊರಿನಲ್ಲಿ ಒಂದು ಹೆಸರು ಒಬ್ಬರಿಗೇ. ಇಬ್ಬರಿಗಿಟ್ಟರೆ ಒಬ್ಬ ಸತ್ತ ದಿನ ಇನ್ನೊಬ್ಬನದೂ ಹೋಗುತ್ತದಲ್ಲ! ತಾತನ ಹೆಸರನ್ನು ಮೊಮ್ಮಗನಿಗಿಡುವ ಭಾಗ್ಯವೂ ನಮಗಿಲ್ಲ. ಬಳೆಗಾರ ಬಂದರೆ ಬಸುರಿ ಹೆಂಗಸರು ಬಳೆ ನೋಡುವ ಮೊದಲು, "ಬೇರೆ ಊರಾಗೆ ಏನೇನು ಹೆಸರು ಇಡ್ತಾವರೆ ಹೇಳಣ್ಣ" ಎಂದು ಸುತ್ತುವರಿಯುತ್ತಿದ್ದರು.

ಗುಂಡಿಗೆ ಬಂದವರಿಗೆಲ್ಲ ಅಪ್ಪ ಒಂದೇ ಮಾತು ಹೇಳುತ್ತಿದ್ದ. "ನಿಧಾನ ಮಾಡ್ರಪ್ಪ. ಅಳೋದಿದ್ರೆ ಮೊದ್ಲು ಅತ್ತುಬಿಡ್ರಿ. ಬಾಯಿಗೆ ಬಂದಿದ್ದು ಕೂಗಬ್ಯಾಡ್ರಿ. ಎದೆಯಾಗೆ ಒಂದು ಸಲ ಹೇಳ್ಕಂಡು ಆಮ್ಯಾಲೆ ಕೂಗ್ರಿ." ನೂರಾರು ಜನಕ್ಕೆ ಹೇಳಿದ್ದ ಈ ಮಾತನ್ನು ಅವನಿಗೆ ಹೇಳುವವರು ಯಾರೂ ಇರಲಿಲ್ಲ.

ಆ ವರ್ಷ ಊರಿಗೆ ಜ್ವರ ಬಂತು. ನಮ್ಮ ಮನೆಯಲ್ಲಿ ಮೊದಲು ಅವ್ವ ಮಲಗಿದಳು, ಅವಳು ಏಳುವಷ್ಟರಲ್ಲಿ ದುಗ್ಗಿ, ದುಗ್ಗಿಯ ಹಿಂದೆಯೇ ನಾನು. ದುಗ್ಗಿಗೆ ಹನ್ನೊಂದು ವರ್ಷ. ಅವಳನ್ನು ಅಡುಗೆ ಮನೆಯ ಪಕ್ಕದ ಕೋಣೆಯಲ್ಲಿ ಅವ್ವ ನೋಡಿಕೊಂಡಳು, ನನ್ನನ್ನು ಪಡಸಾಲೆಯಲ್ಲಿ ಅಪ್ಪ. ಜ್ವರದವರನ್ನು ಹೆಸರು ಹಿಡಿದು ಕೂಗುತ್ತಿದ್ದರೆ ಅವರು ದಾಟಿ ಹೋಗುವುದಿಲ್ಲ ಎಂಬುದು ನಮ್ಮಲ್ಲಿ ಎಲ್ಲರೂ ನಂಬಿದ ಮಾತು. ಅಪ್ಪ ನನ್ನ ತಲೆಯ ಹತ್ತಿರ ಕೂತು ಹಗಲೂ ಇರುಳೂ ನನ್ನ ಹೆಸರು ಕೂಗಿದ. ಆ ದನಿ ನನಗೆ ಈಗಲೂ ಕೇಳಿಸುತ್ತದೆ, ಕೂಗಿದ ಮಾತು ಮಾತ್ರ ಕೇಳಿಸುವುದಿಲ್ಲ. ಅವ್ವನಿಗೆ ಜ್ವರದಲ್ಲಿ ಗಂಟಲು ಕಟ್ಟಿ ದನಿಯೇ ಹೋಗಿತ್ತು. ನಾಲ್ಕನೆಯ ದಿನ ಅವಳು ಬಾಗಿಲಿಗೆ ಬಂದು, ಗಾಳಿಯಂಥ ದನಿಯಲ್ಲಿ, "ಒಂದು ಕಿತ ಬಂದು ದುಗ್ಗೀನ ಕೂಗು. ನಂಗೆ ದನಿ ಹೊರಡ್ತಿಲ್ಲ" ಎಂದಳು. "ತಡಿ, ಇವಳು ಕಣ್ಣು ಮುಚ್ತಾವಳೆ" ಎಂದ ಅಪ್ಪ. ಅವ್ವ ಮತ್ತೆ ಬಂದಳು. ಅಪ್ಪ ಮತ್ತೆ "ತಡಿ" ಎಂದ. ಮೂರನೆಯ ಸಲ ಬಂದಾಗ ಅವಳು ಏನೂ ಕೇಳಲಿಲ್ಲ. ಕೇಳುವುದಕ್ಕೆ ಏನೂ ಉಳಿದಿರಲಿಲ್ಲ.

ನನ್ನ ಜ್ವರ ಅಲ್ಲಿಗೂ ಇಳಿಯಲಿಲ್ಲ. ದುಗ್ಗಿಯನ್ನು ಮಣ್ಣಿಗಿಟ್ಟು ಬಂದು ಕಾಲು ತೊಳೆದುಕೊಂಡ ಅಪ್ಪ ಮತ್ತೆ ನನ್ನ ತಲೆಯ ಬಳಿ ಕೂತ. ಇನ್ನೂ ಹತ್ತು ದಿನ ಕೂಗಿದ. ಹನ್ನೊಂದನೆಯ ದಿನ ಬೆಳಿಗ್ಗೆ ನಾನು ಬೆವರಿ, ಕಣ್ಣು ಬಿಟ್ಟು, ಹಸಿವು ಅಂದೆ. ಅಪ್ಪ ನನ್ನ ಹಣೆ ಮುಟ್ಟಿ ನೋಡಿ, ಟವಲು ಹೆಗಲಿಗೆ ಹಾಕಿಕೊಂಡು, ಅಲ್ಲಿಂದ ನೇರವಾಗಿ ಗುಂಡಿಗೆ ಹೋದ. ಕಣ್ಣಿಗೆ ನಿದ್ದೆ ಇರಲಿಲ್ಲ, ಹೊಟ್ಟೆಗೆ ಅನ್ನ ಇರಲಿಲ್ಲ, ನಾಲಿಗೆಯ ಮೇಲೆ ಎರಡು ವಾರದಿಂದ ಒಂದೇ ಹೆಸರು ಓಡಾಡುತ್ತಿತ್ತು.

ಅಲ್ಲಿ ಆದದ್ದನ್ನು ನನಗೆ ಹೇಳಿದವಳು ಪಕ್ಕದ ಮನೆಯ ಬೋರಕ್ಕ. ಅವಳಿನ್ನೂ ಗಟ್ಟಿಮುಟ್ಟಾಗಿದ್ದಾಳೆ, ಆದ್ದರಿಂದ ಹೆಸರೂ ಇದೆ. ಅಪ್ಪ ತಾನೇ ನೀರು ಹೊಯ್ದು, ಅಂಚಿನಲ್ಲಿ ನಿಂತು, ತಡಮಾಡದೆ ಕೂಗಿದನಂತೆ. ಸುಣ್ಣದ ಅಂಥ ಉಕ್ಕನ್ನು ಯಾರೂ ಕಂಡಿರಲಿಲ್ಲ. ಗುಂಡಿ ತುಂಬಿ, ಅಂಚು ಮೀರಿ, ನೆರೆದವರ ಪಂಚೆ ಸೀರೆಗಳ ಮೇಲೆಲ್ಲ ಸಿಡಿಯಿತು. "ಎಳೇ ಜೀವ, ಅದಕ್ಕೇ ಇಷ್ಟು ಬಿಸಿ" ಎಂದು ಜನ ಮಾತಾಡಿಕೊಂಡರು. ಕೂಗಿದ್ದೇನು ಎಂದು ಯಾರಿಗೆ ನೆನಪಿರಬೇಕು? ಕೂಗಿದ ಗಳಿಗೆಯಲ್ಲೇ ಅದು ಹೋಯಿತಲ್ಲ. ಎಲ್ಲರೂ ತಿರುಗಿ ಹೊರಟಾಗ ಬೋರಕ್ಕ ನಿಟ್ಟುಸಿರು ಬಿಟ್ಟು, "ಹೋದ್ಯಾ ದುಗ್ಗವ್ವ" ಎಂದುಬಿಟ್ಟಳು. ಅಂದವಳೇ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಜನರೆಲ್ಲ ನಿಂತಲ್ಲೇ ನಿಂತರು.

ಅದೇ ಹೊತ್ತಿಗೆ ಮನೆಯಲ್ಲಿ ಅವ್ವ ನನಗೆ ಗಂಜಿ ಕುಡಿಸುತ್ತಿದ್ದಳು. ಇನ್ನೊಂದು ಗುಟುಕು ಕುಡಿ ಎನ್ನಲು ನನ್ನನ್ನು ಕರೆಯಹೋದಳು. ಬಾಯಿ ತೆರೆಯಿತು, ಏನೂ ಬರಲಿಲ್ಲ. ಈಚೆಗಷ್ಟೇ ದನಿ ಬಂದಿದ್ದ ಗಂಟಲು ಮತ್ತೆ ಕಟ್ಟಿತೆಂದು ಕೆಮ್ಮಿ ಮತ್ತೆ ನೋಡಿದಳು. ಮತ್ತೆ ಬರಲಿಲ್ಲ. ಪಾತ್ರೆಯೊಂದನ್ನು ಎಲ್ಲೋ ಇಟ್ಟು ಮರೆತವಳಂತೆ ನನ್ನ ಮುಖ ಹುಡುಕಿದಳು. ಆಮೇಲೆ ಬಹಳ ಮೆಲ್ಲಗೆ, ತನಗೇ ಹೇಳಿಕೊಳ್ಳುವ ಹಾಗೆ, "ದುಗ್ಗಿ" ಎಂದಳು. ಅದು ಬಂತು. ಮತ್ತೆ "ದುಗ್ಗಿ" ಎಂದಳು. ಮತ್ತೂ ಬಂತು. ಅವ್ವ ನಕ್ಕಳು. ಊರಿನ ಅಷ್ಟೂ ತಾಯಂದಿರಲ್ಲಿ ಸತ್ತ ಮಗುವನ್ನು ಹೆಸರು ಹಿಡಿದು ಕರೆಯುವ ಭಾಗ್ಯ ಅವಳೊಬ್ಬಳಿಗೆ ಸಿಕ್ಕಿತ್ತು. ಎದುರಿಗೆ ನಾನು ಗಂಜಿಯ ಬಟ್ಟಲು ಹಿಡಿದು ಕೂತಿದ್ದೆ. ಆ ನಗುವಿಗಾಗಿ ಅವಳನ್ನು ಕ್ಷಮಿಸಲು ನನಗೆ ಬಹಳ ವರ್ಷ ಬೇಕಾದವು.

ಅಪ್ಪ ಓಡಿ ಬಂದ. ಮೊಣಕಾಲಿನವರೆಗೆ ಸುಣ್ಣ ಮೆತ್ತಿ ಚರ್ಮ ಕೆಂಪಾಗಿತ್ತು, ಅದರ ಪರಿವೆ ಅವನಿಗಿರಲಿಲ್ಲ. ನನ್ನ ಭುಜ ಹಿಡಿದು ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. ಅವ್ವ ಎದ್ದು ನಿಂತಳು. "ಬಂದು ಕೂಗು ಅಂತ ಬಾಗಿಲಿಗೆ ಬಂದು ಕೇಳ್ಕಂಡೆ, ಬರ್ಲಿಲ್ಲ. ಗುಂಡಿಗಾದ್ರೂ ಕೂಗ್ತೀಯ ಅಂದ್ಕಂಡೆ. ಅಲ್ಲೂ ನಿನ್ನ ಬಾಯಿಗೆ ನನ್ನ ಮಗಳು ಬರ್ಲಿಲ್ಲ" ಎಂದಳು. ಆಮೇಲೆ ಅವಳು ಅಪ್ಪನೊಡನೆ ಮಾತಾಡಲಿಲ್ಲ. ಒಂದು ದಿನ, ಒಂದು ತಿಂಗಳು ಎಂದುಕೊಳ್ಳಬೇಡಿ, ಇಪ್ಪತ್ತಾರು ವರ್ಷ. ಅಪ್ಪ ಮೊಳದೂರದಲ್ಲಿ ಕೂತಿದ್ದರೂ, "ನಿಮ್ಮಪ್ಪಂಗೆ ಹೇಳು, ನೀರು ಕಾದೈತೆ" ಎಂದು ನನ್ನ ಕಡೆ ತಿರುಗಿ ಹೇಳುತ್ತಿದ್ದಳು.

ದುಗ್ಗಿಯ ಹೆಸರನ್ನೂ ಕೂಗಿಬಿಡಿ, ಅವಳ ಪಾಲಿನದು ಸಲ್ಲಲಿ ಎಂದು ಹೇಳಲು ನಾಲ್ಕು ಜನ ಹಿರಿಯರು ಬಂದರು. ಅವ್ವ ಹೊಸ್ತಿಲ ಮೇಲೆ ನಿಂತು, "ಈ ಮನೇಲಿ ಉಳಿದಿರೋದು ಒಂದು. ಅದನ್ನೂ ನಿಮ್ಮ ಗ್ವಾಡೆಗೆ ಬಳ್ಕಬೇಕಾ?" ಎಂದಳು. ಬಂದ ದಾರಿಗೆ ಸುಂಕವಿಲ್ಲ ಎಂದು ಅವರು ಹಿಂದಿರುಗಿದರು. ನನಗೆ ಬೇರೆ ಹೆಸರಿಡುವ ಪ್ರಯತ್ನವೂ ಆಯಿತು. ಬಳೆಗಾರ ಚೆಂದದ ಮೂರು ಹೆಸರು ತಂದುಕೊಟ್ಟ. ಮೊದಲನೆಯದು ಸಂಜೆಯವರೆಗೆ ಇತ್ತು, ಎರಡನೆಯದು ಊಟದವರೆಗೆ, ಮೂರನೆಯದನ್ನು ಇಟ್ಟವರೇ ಅಂಗಳ ದಾಟುವುದರೊಳಗೆ ಮರೆತರು. ಎಣ್ಣೆ ಹಿಡಿದ ಗೋಡೆಗೆ ಸುಣ್ಣ ಕೂರುವುದಿಲ್ಲವಲ್ಲ, ಹಾಗೆ. ಅಲ್ಲಿಗೆ ಎಲ್ಲರೂ ಕೈ ಚೆಲ್ಲಿದರು.

ಊರು ಹೊಂದಿಕೊಂಡಿತು. ಊರಿಗೇನು, ಯಾವುದಕ್ಕೂ ಹೊಂದಿಕೊಳ್ಳುತ್ತದೆ. ಶಾಲೆಯಲ್ಲಿ ಮೇಷ್ಟ್ರು ಹಾಜರಿ ಕರೆಯುವಾಗ ನನ್ನ ಸಾಲು ಬಂದರೆ ಒಂದು ಉಸಿರಿನಷ್ಟು ಹೊತ್ತು ನಿಲ್ಲಿಸುತ್ತಿದ್ದರು, ನಾನು ಆ ಉಸಿರಿಗೆ "ಹಾಜರ್ ಸಾರ್" ಎನ್ನುತ್ತಿದ್ದೆ. ಅದೊಂದು ನನಗೆ ಇಷ್ಟವಾಗುತ್ತಿತ್ತು. ಆ ಗುಂಡಿಯ ಸುಣ್ಣ ಅಷ್ಟು ಬೆಳ್ಳಗೆ ಬಂದಿತ್ತೆಂದು ಅರ್ಧ ಊರು ಅದನ್ನೇ ಬಳಿದುಕೊಂಡಿತ್ತು. ಆಮೇಲೆ ನನ್ನನ್ನು ಕಂಡಾಗ ಕೆಲವರಿಗೆ ನಾಚಿಕೆಯಾಯಿತು. ಬೋರಕ್ಕ ನನ್ನನ್ನು ಕರೆದು, ಅಡುಗೆ ಮನೆಯ ಗೋಡೆ ತೋರಿಸಿ, "ಇದು ನಿಂದೇ ಕಣವ್ವ. ಯಾವಾಗ ಬೇಕಾದ್ರೂ ಬಂದು ನೋಡ್ಕಂಡು ಹೋಗು" ಎಂದಳು. ಐದು ವರ್ಷ ಅವಳು ಆ ಗೋಡೆಗೆ ಬೇರೆ ಸುಣ್ಣ ಬಳಿಯಲಿಲ್ಲ. ಹೊಗೆ ಹಿಡಿದು ಕಪ್ಪಾದರೂ ಬಳಿಯಲಿಲ್ಲ. ನಾನು ಹೋಗಿ ಆ ಗೋಡೆಗೆ ಕೆನ್ನೆ ಒತ್ತಿ ನಿಲ್ಲುತ್ತಿದ್ದೆ. ತಣ್ಣಗಿರುತ್ತಿತ್ತು, ಅಷ್ಟೇ.

ಅಪ್ಪ ನನ್ನನ್ನು ದೂರದಿಂದ ಕರೆಯುವುದನ್ನೇ ಬಿಟ್ಟ. ಏ, ಲೇ, ಹುಡುಗಿ ಎಂದು ಕರೆಯಬಹುದಿತ್ತು, ಊರವರೆಲ್ಲ ಹಾಗೇ ಕರೆಯುತ್ತಿದ್ದರು. ಅವನು ಕರೆಯಲಿಲ್ಲ. ನಾನು ಗುಡ್ಡದ ಬುಡದಲ್ಲಿ ಕಟ್ಟಿಗೆ ಆಯುತ್ತಿದ್ದರೂ, ಗೂಡಿನ ಕೆಲಸ ಬಿಟ್ಟು ಅಷ್ಟು ದೂರ ನಡೆದು ಬಂದು, ಎದುರಿಗೆ ನಿಂತು, "ಊಟಕ್ಕೆ ಬಾ" ಎನ್ನುತ್ತಿದ್ದ. ಬಿಸಿಲಲ್ಲಿ ಸುಣ್ಣವಾಗಿ ಬರುತ್ತಿದ್ದ. ನನ್ನನ್ನು ಉಳಿಸಿಕೊಳ್ಳಲು ಕೂಗಿ ಕೂಗಿ, ಆ ಕೂಗಿನಲ್ಲೇ ನನ್ನನ್ನು ಕಳೆದುಕೊಂಡವನು ಅವನು. ದುಗ್ಗಿಯ ಹೆಸರನ್ನಂತೂ ಅವನು ಒಂದು ದಿನವೂ ಎತ್ತಲಿಲ್ಲ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಇಟ್ಟವನು ಎಂದು ಊರವರು ಅವನ ಬೆನ್ನ ಹಿಂದೆ ಆಡಿಕೊಂಡರು. ಅದರಲ್ಲಿ ಬೆಣ್ಣೆ ಯಾರ ಕಣ್ಣಿಗೆ ಬಿತ್ತು ಎಂದು ನನಗೆ ಇಂದಿಗೂ ತಿಳಿದಿಲ್ಲ.

ಅವ್ವ ಮಾತ್ರ ದನಿ ಬಂದ ದಿನದಿಂದ ದುಗ್ಗಿಯನ್ನು ಕರೆಯುತ್ತಲೇ ಇದ್ದಳು. ಬೆಳಿಗ್ಗೆ ಅಂಗಳ ಗುಡಿಸುವಾಗ, ರೊಟ್ಟಿ ತಟ್ಟುವಾಗ, ದೀಪ ಹಚ್ಚುವಾಗ, "ದುಗ್ಗೀ, ದುಗ್ಗವ್ವಾ" ಎಂದು ಉತ್ತರ ಬರುವುದೆಂಬಂತೆ ಕರೆಯುತ್ತಿದ್ದಳು. ನಾನು ಅದೇ ಮನೆಯಲ್ಲಿ ಓಡಾಡಿಕೊಂಡಿದ್ದೆ. ನೀರು ತಂದರೆ ಸುಮ್ಮನೆ ಕೊಡ ಇಳಿಸಿಕೊಳ್ಳುವಳು, ಉಣ್ಣಲು ತಟ್ಟೆ ಇಟ್ಟು ಸುಮ್ಮನೆ ನೋಡುವಳು. ಒಂದು ಸಂಜೆ, ನನಗಾಗ ಹನ್ನೊಂದು ತುಂಬಿತ್ತು, ಅವ್ವ ಹಿತ್ತಲಲ್ಲಿ ನಿಂತು "ದುಗ್ಗೀ" ಎಂದಳು. ಆ ಕರೆ ಎಷ್ಟು ಸಿಹಿಯಾಗಿತ್ತೆಂದರೆ ನಾನು ತಡೆಯಲಾರದೆ "ಓ" ಎಂದುಬಿಟ್ಟೆ. ಅವ್ವ ತಿರುಗಿದಳು. ಕ್ಷಣ ಮಾತ್ರ ಅವಳ ಮುಖ ಅರಳಿತು. ಆಮೇಲೆ ನನ್ನನ್ನು ಕಂಡಳು. ಹತ್ತಿರ ಬಂದು ಕಪಾಳಕ್ಕೆ ಹೊಡೆದಳು. "ಜೀವ ಉಳೀತು, ಅದು ಸಾಲ್ದಾ? ಅವಳದನ್ನೂ ತಿನ್ಬೇಕಾ?" ಎಂದಳು. ಹೊಡೆದ ಕೈಯನ್ನೇ ನೋಡಿಕೊಂಡು ಅಲ್ಲೇ ಕುಸಿದು ಅತ್ತಳು. ನಾನು ಅಳಲಿಲ್ಲ. ಅವಳು ಹೇಳಿದ್ದು ನನಗೆ ಸರಿಯೆಂದೇ ಕಂಡಿತ್ತು. ಅಂದಿನಿಂದ ಅವಳೂ ಗಟ್ಟಿಯಾಗಿ ಕರೆಯುವುದನ್ನು ನಿಲ್ಲಿಸಿದಳು, ತುಟಿಯಲ್ಲೇ ಅಂದುಕೊಳ್ಳುತ್ತಿದ್ದಳು.

ಹೆಸರಿಲ್ಲವೆಂದು ನನ್ನ ಮದುವೆಯೇನೂ ನಿಲ್ಲಲಿಲ್ಲ. ಗಂಡ ಪಾಲಯ್ಯ ಪಕ್ಕದೂರಿನವನು, ಮನೆ ಅಳಿಯನಾಗಿ ಬಂದು ಗೂಡಿನ ಕೆಲಸ ಕಲಿತ. ಹೆಂಡತಿಯನ್ನು "ಇವಳೇ" ಎಂದು ಕರೆಯುವುದು ಅವರ ಕಡೆಯ ಪದ್ಧತಿ, ಹಾಗಾಗಿ ಅವನಿಗೆ ಏನೂ ಕಡಿಮೆಯಾಗಲಿಲ್ಲ. ಮಕ್ಕಳಿಗೆ ನಾನು ಅವ್ವ. ಹೆಣ್ಣಿಗೆ ಹೆಸರು ಎಷ್ಟು ಬೇಗ ಬೇಡವಾಗುತ್ತದೆ ನೋಡಿ! ನನ್ನ ಮಗಳೇ ಒಂದು ದಿನ, "ನೀನು ಸತ್ರೆ ಗುಂಡಿಗೆ ಏನಂತ ಕೂಗ್ಲವ್ವ?" ಎಂದು ಕೇಳಿದಳು. "ನಂದು ಮೊದ್ಲೇ ಹೋಗೈತೆ, ನಿಂಗೆ ಆ ಕೆಲ್ಸ ಇಲ್ಲ" ಎಂದೆ. ನಗುತ್ತಲೇ ಹೇಳಿದೆ. ಆದರೆ ಒಬ್ಬಳೇ ಇರುವಾಗ ಯಾರಾದರೂ ದೂರದಿಂದ ಇನ್ನಾರನ್ನೋ ಕೂಗಿದರೆ ಇವತ್ತಿಗೂ ತಿರುಗಿ ನೋಡುತ್ತೇನೆ.

ನನಗೆ ಮೂವತ್ತೈದಾಗಿದ್ದಾಗ ಅಪ್ಪ ಹಾಸಿಗೆ ಹಿಡಿದ. ಸುಣ್ಣದ ಧೂಳು ಕುಡಿದ ಎದೆ, ಬಹಳ ದಿನ ಬಾಳಲಾರದೆಂದು ಎಲ್ಲರಿಗೂ ಗೊತ್ತಿತ್ತು. ಅವನಿಗೂ ಜ್ವರ ಬಂತು. ಪಡಸಾಲೆಯಲ್ಲಿ, ಹಿಂದೆ ನನ್ನನ್ನು ಮಲಗಿಸಿದ್ದ ಜಾಗದಲ್ಲೇ ಅವನನ್ನು ಮಲಗಿಸಿದ್ದೆವು. ಮಧ್ಯಾಹ್ನದ ಹೊತ್ತು. ಅವ್ವ ಬಾಗಿಲ ಬಳಿ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು, ನಾನು ಅಪ್ಪನ ಎಡಗಡೆ ಕೂತು ಗಾಳಿ ಹಾಕುತ್ತಿದ್ದೆ. ಅಪ್ಪ ಕಣ್ಣು ತೆರೆಯದೆ, ಗಟ್ಟಿಯಾಗಿ, "ದುಗ್ಗೀ" ಎಂದ.

ಅವ್ವನ ಕೈ ಮೊರದ ಮೇಲೆ ನಿಂತಿತು. ಅಪ್ಪನ ಬಾಯಲ್ಲಿ ಆ ಹೆಸರನ್ನು ನಾವು ಕೇಳಿದ್ದು ಇಪ್ಪತ್ತಾರು ವರ್ಷದಲ್ಲಿ ಅದೇ ಮೊದಲು. "ದುಗ್ಗೀ, ದುಗ್ಗವ್ವಾ" ಎಂದು ಅವನು ಮತ್ತೆ ಕೂಗಿದ. ನನ್ನ ಕೆನ್ನೆ ಹಳೆಯ ಹೊಡೆತಕ್ಕೆ ಬಿಸಿಯಾಯಿತು. ನಾನು ಅವ್ವನನ್ನು ನೋಡಿದೆ, ಅವಳು ನನ್ನ ಕಡೆ ನೋಡಲಿಲ್ಲ. ಅಕ್ಕಿಯನ್ನೇ ನೋಡುತ್ತ, "ಓ ಅನ್ನು" ಎಂದಳು. "ಅಷ್ಟು ಕೂಗ್ತಾನೆ, ಕೇಳ್ಸಲ್ವಾ? ಓ ಅನ್ನು."

"ಓ ಅಪ್ಪಾ" ಎಂದೆ. ಅಪ್ಪನ ಕೈ ಬಂದು ನನ್ನ ಕೈ ಹುಡುಕಿ ಹಿಡಿಯಿತು. "ನಿಮ್ಮವ್ವ ಕರೆದ್ಲು ಕಣವ್ವ. ಮೂರು ಕಿತ ಬಾಗಿಲಿಗೆ ಬಂದ್ಲು. ನಂಗೆ ಏಳಕ್ಕಾಗ್ಲಿಲ್ಲ" ಎಂದ. ಅವನು ಏಳಲಾಗದಂತೆ ಹಿಡಿದಿದ್ದವಳೇ ನಾನು. ಪರವಾಗಿಲ್ಲ ಎನ್ನುವ ಹಕ್ಕು ನನಗೆ ಎಲ್ಲಿಂದ ಬರಬೇಕು? ಅವನ ಕೈ ನೇವರಿಸಿದೆ. ಸ್ವಲ್ಪ ಹೊತ್ತು ಮೇಲುಸಿರು ಬಿಟ್ಟು ಅವನು, "ನಿನ್ನ ತಂಗಿ ಎಲ್ಲಿ? ಅವಳನ್ನೂ ಕರಿ" ಎಂದ.

ನಾನು ಎದ್ದೆ. ಅಂಗಳಕ್ಕೆ ಬಂದೆ. ಬಿಸಿಲು ಸುರಿಯುತ್ತಿತ್ತು, ಪಾಲಯ್ಯ ಗೂಡಿಗೆ ಕಲ್ಲು ಪೇರಿಸುತ್ತಿದ್ದ. ಅಪ್ಪನಿಗೆ ಕೇಳಿಸಬೇಕಲ್ಲ ಎಂದು ಬಾಯಿಗೆ ಕೈ ಅಡ್ಡ ಹಿಡಿದು ಉಸಿರು ಎಳೆದುಕೊಂಡೆ. ಕರೆಯಲು ನನ್ನಲ್ಲಿ ಏನಿತ್ತು? "ಬಾರೇ" ಎಂದು ಕೂಗಿದೆ. "ಬಾರೇ, ಅಪ್ಪ ಕರೀತವ್ನೆ, ಬಾರೇ." ಖಾಲಿ ಅಂಗಳಕ್ಕೆ ಮೂರು ಸಲ ಹಾಗೆ ಕೂಗಿದೆ. ಯಾರೂ ಬರಲಿಲ್ಲ. ಪಾಲಯ್ಯ ಕಲ್ಲು ಹಿಡಿದುಕೊಂಡೇ ನನ್ನನ್ನು ನೋಡಿದ. ನಾನು ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋಗಿ, ಈ ಸಲ ಅಪ್ಪನ ಬಲಗಡೆ ಕೂತೆ.

ಅಪ್ಪ ಆ ಕಡೆ ತಿರುಗಿ, "ಬಂದ್ಯಾ" ಎಂದ. "ಬಂದೆ ಅಪ್ಪಾ" ಎಂದೆ. ಬಲಗೈಯಿಂದ ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡ. ಅವನ ಮುಖದಲ್ಲಿ ಅಂಥ ಸಮಾಧಾನವನ್ನು ನಾನು ಬುದ್ಧಿ ಬಂದಾಗಿನಿಂದ ಕಂಡಿರಲಿಲ್ಲ. ಆಮೇಲೆ ಅವನ ಎಡಗೈ ಚಾಪೆಯ ಮೇಲೆ ತಡಕಾಡತೊಡಗಿತು. "ದುಗ್ಗೀ" ಎಂದ. ಆ ಕಡೆ ಯಾರೂ ಇರಲಿಲ್ಲ. ನಾನು ಈ ಕಡೆ ನಾನಾಗಿ ಕೂತಿದ್ದೆ, ಅವನು ಹಿಡಿದ ಕೈ ಬಿಡಿಸಿಕೊಂಡು ಹೇಗೆ ಹೋಗಲಿ? "ದುಗ್ಗೀ, ಎಲ್ಲಿ ಹೋದ್ಯವ್ವ" ಎಂದು ಅಪ್ಪ ಗಾಬರಿಯಾಗಿ ಕೂಗಿದ.

ಅವ್ವ ಮೊರ ಬದಿಗಿಟ್ಟಳು. ಎದ್ದು, ಕೈಯ ಹೊಟ್ಟು ಕೊಡವಿ, ಬಂದು ಎಡಗಡೆ ಕೂತು, ತಡಕಾಡುತ್ತಿದ್ದ ಆ ಕೈಯನ್ನು ತನ್ನ ಕೈಗೆ ತೆಗೆದುಕೊಂಡಳು.

"ಓ" ಎಂದಳು. "ಇಲ್ಲೇ ಇದೀನಪ್ಪ."

"ಬರ್ಲಿಲ್ಲ ಅಂತ ಸಿಟ್ಟೇನವ್ವ?" ಎಂದ ಅಪ್ಪ.

ಅವ್ವ ಸೆರಗಿನ ತುದಿಯಿಂದ ಅವನ ಹಣೆಯ ಬೆವರು ಒರೆಸಿದಳು.

"ಇಲ್ಲ ಕಣಪ್ಪ" ಎಂದಳು. "ನೀನು ಕೂಗಿದ್ದು ಕೇಳುಸ್ತು."